ಮಿಸ್, ನೀವು ಮೊದಲು ಓದಿ

ಬೇಸಿಗೆ ರಜೆಯ ಮೊದಲ ಬೆಳಿಗ್ಗೆ ಟೀಚರ್ ಬಟ್ಟೆಯ ಗಂಟನ್ನು ಎದೆಗವಚಿಕೊಂಡು ಮಹಡಿಯಿಂದ ಇಳಿದು ಬಂದಾಗ ಕೆಳಗಿನ ಲಾಂಡ್ರಿಯಲ್ಲಿ ಪೇಪರ್ ಓದು ನಡೆದಿತ್ತು. ಕೌಂಟರಿನ ಮೇಲೆ ಕಾಲು ಇಳಿಬಿಟ್ಟು ಕೂತ ಹುಡುಗಿ ಪೇಪರನ್ನು ಎರಡೂ ಕೈ ಚಾಚಿ ಹಿಡಿದಿದ್ದಳು. ಒಳಗೆ ಅವಳಮ್ಮ ಅಂಗಿಯ ಕಾಲರಿಗೆ ನೀರು ಚಿಮುಕಿಸಿ ಇಸ್ತ್ರಿ ಒತ್ತುತ್ತಿದ್ದಳು. ಬಿಸಿ ಬಟ್ಟೆಯ ವಾಸನೆ ಬೀದಿಯವರೆಗೂ ಬರುತ್ತಿತ್ತು. ಬಾಗಿಲ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಹುಡುಗಿಯ ತಾತ. ಕಣ್ಣಿಗೆ ಪೊರೆ ಬಂದು ಮನುಷ್ಯರು ಬರೀ ನೆರಳಾಗಿ ಕಾಣುತ್ತಿದ್ದರು ಅವನಿಗೆ. ಕಿವಿಯನ್ನು ಮೊಮ್ಮಗಳ ಕಡೆ ತಿರುಗಿಸಿ ಕೂತಿದ್ದ.

"ನಿನ್ನೆ ಸಂಜೆ ಸೇತುವೆಯ ಬಳಿ ಒಂದು ಲಾರಿ ನಿಂತಿತು," ಹುಡುಗಿ ಓದಿದಳು. ಗಂಟೆ ಹೊಡೆದಂಥ ದನಿ. "ಲಾರಿಯ ತುಂಬ ಕಿತ್ತಳೆ ಹಣ್ಣು ಇತ್ತು. ಬಿಸಿಲಿಗೆ ಹಣ್ಣು ಕೆಡುತ್ತದೆ ಎಂದು ಚಾಲಕನು ದಾರಿಯಲ್ಲಿ ಹೋಗುವವರಿಗೆಲ್ಲ ಹಂಚಿದನು. ಜನರು ಸಂತೋಷಪಟ್ಟರು."

"ಹಂಚಿದನಾ? ಭೇಷ್!" ತಾತ ತೊಡೆ ತಟ್ಟಿಕೊಂಡ. ಮೆಟ್ಟಿಲ ಕಡೆಯ ನೆರಳನ್ನು ಗುರುತಿಸಿ, "ಬನ್ನಿ ಟೀಚರಮ್ಮ. ಎದುರು ಮನೆಯವರೂ ಇದೇ ಪೇಪರ್ ತರಿಸ್ತಾರೆ. ಅವರ ಪೇಪರಲ್ಲಿ ದಿನಾ ಕೊಲೆ, ದಿನಾ ಕಳ್ಳತನ. ನನ್ನ ಮೊಮ್ಮಗಳು ಓದೋ ಪೇಪರಲ್ಲಿ ಯಾರೂ ಸಾಯೋದೇ ಇಲ್ಲ ನೋಡಿ!" ಎಂದ.

ಎಲ್ಲರೂ ನಕ್ಕರು. ಟೀಚರೂ ನಕ್ಕಳು. ಲಾಂಡ್ರಿಯವಳು ಗಂಟು ಬಿಚ್ಚಿ ಬಟ್ಟೆ ಎಣಿಸುತ್ತ, "ಎಲ್ಲಾ ನಿಮ್ಮ ಪುಣ್ಯ ಮಿಸ್. ನಾನಾದ್ರೆ ಅಕ್ಷರ ಕೂಡಿಸಿ ಕೂಡಿಸಿ ಒಂದು ಸಾಲು ಮುಗಿಸೋ ಹೊತ್ತಿಗೆ ಇಸ್ತ್ರಿ ಸೀದು ಹೋಗುತ್ತೆ. ಇವಳು ನೀರು ಕುಡಿದ ಹಾಗೆ ಓದ್ತಾಳೆ," ಎಂದಳು.

"ಇವಳು ನನ್ನ ಗಿಳಿ ಕಣಮ್ಮ," ಎಂದು ಟೀಚರ್ ಹುಡುಗಿಯ ಕೆನ್ನೆ ಹಿಂಡಿದಳು.

ಗಿಳಿ ಎಂಬ ಹೆಸರಿಟ್ಟವಳು ಟೀಚರೇ. ನಾಲ್ಕನೆಯ ತರಗತಿಯ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ, ವಯಸ್ಸಿಗೆ ಮೀರಿ ಉದ್ದ ಬೆಳೆದ ಆ ಹುಡುಗಿ ಎದ್ದು ನಿಂತು ಪಾಠ ಓದಿದರೆ ಪಕ್ಕದ ಕೋಣೆಯ ಮೇಷ್ಟ್ರು ತಮ್ಮ ಪಾಠ ನಿಲ್ಲಿಸಿ ಕೇಳುತ್ತಿದ್ದರು. ಒಂದು ತಡವರಿಕೆ ಇಲ್ಲ, ಒಂದು ಉಸಿರು ತಪ್ಪುವುದಿಲ್ಲ. ತನಿಖೆಗೆ ಬಂದ ಸಾಹೇಬರ ಮುಂದೆ ಓದಿಸುವುದು ಅವಳನ್ನೇ. ಶಾಲೆಯಲ್ಲಿರುವುದು ನಾಲ್ಕನೆಯ ತರಗತಿಯವರೆಗೆ ಮಾತ್ರ. ಮುಂದಕ್ಕೆ ಊರಿನ ಆಚೆ ತುದಿಯಲ್ಲಿ ದೊಡ್ಡ ಶಾಲೆಯೊಂದಿದೆ. ದೊಡ್ಡ ಮೈದಾನ, ಒಳ್ಳೆಯ ಲೈಬ್ರರಿ, ಆದರೆ ಜಾಗ ಕಡಿಮೆ. ಅಲ್ಲಿನ ಹೆಡ್‌ಮಿಸ್ ಚಿಕ್ಕಂದಿನಲ್ಲಿ ಟೀಚರ್ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವಳು. ಪರೀಕ್ಷೆ ಮುಗಿದ ವಾರ ಟೀಚರ್ ಅವಳ ಕೋಣೆಗೇ ಹೋಗಿ, "ಈ ಹುಡುಗೀನ ಕಣ್ಣು ಮುಚ್ಚಿ ಸೇರಿಸ್ಕೋ," ಎಂದಿದ್ದಳು. ಹೆಡ್‌ಮಿಸ್ ಒಪ್ಪಿಕೊಂಡಿದ್ದಳು. ಶಾಲೆ ತೆರೆಯುವ ಮುಂಚೆ ಹುಡುಗಿ ಬಂದು ಒಂದು ಪುಟ ಓದಿ ತೋರಿಸಬೇಕು, ಅದೂ ಶಾಸ್ತ್ರಕ್ಕೆ.

ಟೀಚರ್ ಮದುವೆಯಾಗಿಲ್ಲ. ಶಾಲೆಯನ್ನೇ ಕಟ್ಟಿಕೊಂಡವಳು ಎಂದು ತಂಗಿ ಹಂಗಿಸುತ್ತಾಳೆ. ಅದರಲ್ಲಿ ಸುಳ್ಳೇನೂ ಇಲ್ಲ. ರಜೆ ಬಂದರೆ ಬೀರು ಒರೆಸುವುದು, ಹರಿದ ಪುಸ್ತಕಗಳಿಗೆ ಅಂಟು ಹಚ್ಚುವುದು, ಮನೆಮನೆಗೆ ಹೋಗಿ ಹೊಸ ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳುವುದು, ಇಷ್ಟರಲ್ಲಿ ಬೇಸಿಗೆ ಕರಗಿಬಿಡುತ್ತಿತ್ತು. ಸುಮ್ಮನೆ ಕೂತರೆ ಯಾರದೋ ಜೇಬಿಗೆ ಕೈ ಹಾಕಿದಂಥ ಅಳುಕು. ಈ ಸಲ ತಂಗಿ ಬಿಡಲಿಲ್ಲ. ಮೊದಲು ನಗರದಲ್ಲಿ ಓದು ಕಲಿಸುವ ಬಗ್ಗೆ ಒಂದು ತರಬೇತಿ, ಅಲ್ಲಿಂದ ನೇರ ಸಮುದ್ರ ತೀರದ ಊರಿಗೆ, ಅಕ್ಕ ತಂಗಿ ಇಬ್ಬರೇ. ಟೀಚರ್ ಚೀಲಕ್ಕೆ ದಪ್ಪ ದಪ್ಪ ಕಾದಂಬರಿಗಳನ್ನು ತುಂಬಿಕೊಂಡಳು. ಮಕ್ಕಳಿಗೆ ಓದಿ ಓದಿ ಎನ್ನುತ್ತ ತಾನು ಓದದೆ ಬಿಟ್ಟ ಪುಸ್ತಕಗಳು ಅವು. ಮಾರನೆಯ ದಿನ ಲಾಂಡ್ರಿಯವಳು ಇಸ್ತ್ರಿ ಬಟ್ಟೆಗಳನ್ನು ಹಳೆ ಪೇಪರಿನಲ್ಲಿ ಸುತ್ತಿ ದಾರ ಕಟ್ಟಿ ಕೊಟ್ಟಳು. "ಆರಾಮಾಗಿ ಹೋಗಿ ಬನ್ನಿ ಮಿಸ್. ನಮ್ಮನ್ನೆಲ್ಲ ಮರೆತುಬಿಡಿ," ಎಂದಳು.

ತರಬೇತಿ ನಡೆದದ್ದು ಒಂದು ಹಳೆಯ ಕಟ್ಟಡದ ಸಭಾಂಗಣದಲ್ಲಿ. ಫ್ಯಾನುಗಳು ತಿರುಗುವುದಕ್ಕಿಂತ ಹೆಚ್ಚು ಸದ್ದು ಮಾಡುತ್ತಿದ್ದವು. ಬೇರೆ ಬೇರೆ ಊರುಗಳ ಟೀಚರುಗಳು, ಮೇಷ್ಟ್ರುಗಳು ನೀರಿನ ಬಾಟಲಿ ಹಿಡಿದು ಬಂದಿದ್ದರು. ಮಕ್ಕಳನ್ನು ಮುಂದಕ್ಕೆ ಬನ್ನಿ ಎಂದು ದಿನವೂ ಗದರುವ ಇವರೆಲ್ಲ ಒಳಗೆ ಬಂದ ಕೂಡಲೇ ಹಿಂದಿನ ಸಾಲಿಗೆ ಮುಗಿಬಿದ್ದರು. ಟೀಚರಿಗೂ ಕೊನೆಯ ಸಾಲಿನ ಮೂಲೆ ಸಿಕ್ಕಿತು.

ಕಲಿಸಲು ಬಂದವಳು ಸಣ್ಣ ವಯಸ್ಸಿನ ಹೆಣ್ಣುಮಗಳು. "ನನ್ನ ಕೈಕೆಳಗೆ ಓದಿದ ಮಕ್ಕಳಿಗಿಂತ ಚಿಕ್ಕವಳು, ಇವಳೇನು ಹೇಳ್ತಾಳೆ?" ಎಂದು ಪಕ್ಕದ ಮೇಷ್ಟ್ರು ಪಿಸುಗುಟ್ಟಿದರು. ಆಕೆ ಭಾಷಣ ಮಾಡಲಿಲ್ಲ. ಎಲ್ಲರಿಗೂ ಒಂದೊಂದು ಹಾಳೆ ಹಂಚಿದಳು. ಮೇಲೆ ಚಿತ್ರ: ಗಾಳಿಗೆ ಹಾರಿದ ಟೋಪಿಯ ಹಿಂದೆ ಓಡುತ್ತಿರುವ ಒಬ್ಬ ಮುದುಕ. ಕೆಳಗೆ ಸುರುಳಿ, ಕೊಕ್ಕೆ, ಚುಕ್ಕೆಗಳ ಸಾಲುಗಳು. ಯಾವ ಲಿಪಿಯೂ ಅಲ್ಲ.

"ಇದು ನಾನೇ ಮಾಡಿದ ಲಿಪಿ. ಭಾಷೆ ನಮ್ಮದೇ. ಮೊದಲು ನಾನು ಓದ್ತೀನಿ, ಆಮೇಲೆ ಮುಂದಿನ ಸಾಲಿನಿಂದ ಒಬ್ಬೊಬ್ಬರೇ ಎದ್ದು ಓದಿ," ಎಂದು ಆಕೆ ಓದಿದಳು. ಗಾಳಿ ಬೀಸಿತು. ಅಜ್ಜನ ಟೋಪಿ ಹಾರಿತು. ಅಜ್ಜ ಓಡಿದನು, ಟೋಪಿ ಇನ್ನೂ ಓಡಿತು. ಕೊನೆಗೆ ಟೋಪಿ ಒಂದು ಕತ್ತೆಯ ಕಿವಿಗೆ ಸಿಕ್ಕಿಕೊಂಡಿತು.

ಮುಂದಿನ ಸಾಲಿನ ಮೇಷ್ಟ್ರೊಬ್ಬರು ಎದ್ದು ಇಂಗು ತಿಂದ ಮಂಗನಂತೆ ನಿಂತರು. ಅವರು ತಡವರಿಸಿದ್ದನ್ನು ಎರಡನೆಯವರು ತಿದ್ದಿದರು, ಮೂರನೆಯವರು ಇನ್ನಷ್ಟು ಸಲೀಸಾಗಿ ಓದಿದರು. ಸಾಲು ಸಾಲು ದಾಟಿ ಟೀಚರ ಸರದಿ ಬರುವಷ್ಟರಲ್ಲಿ ಕತೆ ಅವಳ ನಾಲಿಗೆಯ ತುದಿಗೆ ಬಂದು ಕೂತಿತ್ತು. ಎದ್ದಳು. ಹಾಳೆ ನೋಡುತ್ತ, ಎಲ್ಲಿ ಏರಿಸಬೇಕೋ ಏರಿಸಿ, ಎಲ್ಲಿ ಇಳಿಸಬೇಕೋ ಇಳಿಸಿ ಪೂರ್ತಿ ಓದಿದಳು. ಕತ್ತೆಯ ಕಿವಿಯ ಬಳಿ ಒಂದು ಗಳಿಗೆ ನಿಲ್ಲಿಸಿ ನಗಿಸಿದಳು ಕೂಡ. ಚಪ್ಪಾಳೆ ಬಿತ್ತು.

"ತುಂಬಾ ಚೆನ್ನಾಗಿ ಓದಿದ್ರಿ ಮೇಡಂ," ಎಂದು ಆ ಹೆಣ್ಣುಮಗಳು ಹತ್ತಿರ ಬಂದಳು. ಹಾಳೆಯ ನಡುವೆ ಒಂದು ಕಡೆ ಬೆರಳಿಟ್ಟಳು. "ಇದೊಂದು ಪದ ಏನು ಹೇಳಿ?"

ಟೀಚರ್ ನೋಡಿದಳು. ಸುರುಳಿ, ಕೊಕ್ಕೆ, ಚುಕ್ಕೆ. "ಟೋಪಿ," ಎಂದಳು.

"ಕತ್ತೆ," ಎಂದಳು ಹೆಣ್ಣುಮಗಳು.

ಸಭೆ ಗೊಳ್ಳೆಂದಿತು. ಟೀಚರೂ ಎಲ್ಲರ ಜೊತೆ ನಕ್ಕಳು. ನಗುತ್ತಲೇ ಕೂತಳು. ಬೆಂಚಿನ ಹಿಂದಿನ ಗೋಡೆ ಬೆನ್ನಿಗೆ ತಾಗಿತು. ಆಗ ನಗು ನಿಂತಿತು.

ತನ್ನ ತರಗತಿಯಲ್ಲಿ ಸರದಿ ಓದು ಎಂದು ಟೀಚರ್ ರೂಢಿ ಮಾಡಿದ್ದೂ ಇದನ್ನೇ. ಮೊದಲು ತಾನು ಓದುವುದು, ಆಮೇಲೆ ಮುಂದಿನ ಬೆಂಚಿನಿಂದ ಹಿಂದಕ್ಕೆ ಒಬ್ಬೊಬ್ಬರೇ, ಅದೇ ಪ್ಯಾರಾ. ಗಿಡ್ಡ ಮಕ್ಕಳು ಮುಂದೆ, ಉದ್ದದವರು ಹಿಂದೆ. ಗಿಳಿ ಕೊನೆಯ ಬೆಂಚು. ಅವಳ ಸರದಿ ಬರುವ ಹೊತ್ತಿಗೆ ಆ ಪ್ಯಾರಾವನ್ನು ಇಡೀ ತರಗತಿ ಅವಳ ಕಿವಿಗೆ ಹೊಯ್ದಿರುತ್ತಿತ್ತು.

ಟೀಚರಿಗೆ ಗಿಳಿಪಾಠ ಎಂಬ ಮಾತು ನೆನಪಾಯಿತು. ಅರ್ಥ ತಿಳಿಯದೆ ಒಪ್ಪಿಸುವುದಕ್ಕೆ ಊರೆಲ್ಲ ಬಳಸುವ ಮಾತು ಅದು. ಮುದ್ದಿಗೆ ಎಂದು ತಾನೇ ಹುಡುಗಿಗೆ ಅದೇ ಹೆಸರಿಟ್ಟು, ಮೂರು ಹೊತ್ತೂ ಅದೇ ಹೆಸರಿನಿಂದ ಕರೆದು, ಒಂದು ದಿನವೂ ಕಿವಿಗೊಟ್ಟು ಕೇಳಿರಲಿಲ್ಲ.

ಹಾಗಲ್ಲ, ಹಾಗಿರಲಾರದು ಎಂದೂ ಅಂದುಕೊಂಡಳು. ಹುಡುಗಿಯ ಅಕ್ಷರ ಮುತ್ತು ಪೋಣಿಸಿದಂತಿದೆಯಲ್ಲ? ಇದೆ. ಬೋರ್ಡಿನಲ್ಲಿದ್ದುದನ್ನು ಚಿತ್ರ ಬಿಡಿಸಿದ ಹಾಗೆ ಇಳಿಸುತ್ತಾಳೆ. ಪರೀಕ್ಷೆಯಲ್ಲಿ ಬರೆಯುತ್ತಾಳಲ್ಲ? ಬರೆಯುತ್ತಾಳೆ, ಉರು ಹೊಡೆಸಿದ ಪ್ರಶ್ನೆಗಳಿಗೆ, ಉರು ಹೊಡೆಸಿದ ಕ್ರಮದಲ್ಲೇ. ಉಳಿದ ದಿನಗಳ ತರಬೇತಿಯಲ್ಲಿ ಟೀಚರ್ ಮುಂದಿನ ಸಾಲಿಗೆ ಹೋಗಿ ಕೂತು, ಆ ಹೆಣ್ಣುಮಗಳು ಹೇಳಿದ್ದನ್ನೆಲ್ಲ ಒಂದನೆಯ ತರಗತಿಯ ಮಗುವಿನಂತೆ ಕೇಳಿದಳು. ಪಕ್ಕದಲ್ಲಿದ್ದ ಮೇಷ್ಟ್ರು, "ಏನು ಮೇಡಂ, ಬಡ್ತಿ ಸಿಗುತ್ತಾ?" ಎಂದು ಕೇಳಿದರೂ ಬರೆದುಕೊಳ್ಳುತ್ತಲೇ ಇದ್ದಳು.

ಅಲ್ಲಿಂದಲೇ ಮನೆಗೆ ಹೊರಟುಬಿಡಬಹುದಿತ್ತು. ಹೊರಡಲಿಲ್ಲ. ತಂಗಿ ಬಸ್ ನಿಲ್ದಾಣದಲ್ಲಿ ದೊಡ್ಡ ಹ್ಯಾಟು ಹಾಕಿಕೊಂಡು ಕಾಯುತ್ತಿದ್ದಳು, ರೂಮು ಹಿಡಿದಾಗಿತ್ತು, ಹೀಗೆಲ್ಲ ತನಗೆ ತಾನೇ ಸಬೂಬು ಹೇಳಿಕೊಂಡಳು. ನಿಜವೆಂದರೆ ಹೆದರಿಕೆ. ಸಮುದ್ರಕ್ಕೆ ಹೋದರೆ ಗೊತ್ತಾಗುವುದು ಅಷ್ಟು ದಿನ ಮುಂದಕ್ಕೆ ಹೋಗುತ್ತದೆ.

ರೂಮಿನ ಕಿಟಕಿ ತೆರೆದರೆ ಸಮುದ್ರ. ಟೀಚರ್ ಕಿಟಕಿಗೆ ಬೆನ್ನು ಹಾಕಿ ಕಾದಂಬರಿ ಹಿಡಿದು ಕೂತಳು. ಪುಟ ತಿರುಗಲಿಲ್ಲ.

"ಅಕ್ಕಾ, ಅದನ್ನ ಓದ್ತಿದೀಯೋ ಕಾಯ್ತಿದೀಯೋ? ಬೆಳಿಗ್ಗೆಯಿಂದ ಅದೇ ಪುಟ," ಎಂದಳು ತಂಗಿ.

"ಗಾಳಿ."

"ಗಾಳಿ ಪುಟ ತಿರುಗಿಸುತ್ತೆ ಕಣೇ, ಹಿಡ್ಕೊಳ್ಳಲ್ಲ."

ಸಂಜೆ ಉಡಲು ಬಟ್ಟೆ ತೆಗೆಯಲೆಂದು ಟೀಚರ್ ಲಾಂಡ್ರಿಯ ಕಟ್ಟಿನ ದಾರ ಬಿಚ್ಚಿದಳು. ಸುತ್ತಿದ್ದ ಪೇಪರಿನಲ್ಲಿ ಒಂದು ಫೋಟೋ. ಸೇತುವೆ, ಮಗುಚಿಬಿದ್ದ ಲಾರಿ, ರಸ್ತೆಯ ತುಂಬ ಚೆಲ್ಲಿದ ಕಿತ್ತಳೆ, ಬಾಗಿ ಹೆಕ್ಕುತ್ತಿರುವ ಜನ. ತಲೆಬರಹ ಹೀಗಿತ್ತು: ಲಾರಿ ಮಗುಚಿ ಚಾಲಕ ಸಾವು, ಹಣ್ಣು ದೋಚಿದ ಜನ. ಹುಡುಗಿ ಫೋಟೋ ನೋಡಿ ಕತೆ ಕಟ್ಟಿದ್ದಳು. ಇಷ್ಟು ದಿನ ಅನುಮಾನವಾಗಿದ್ದದ್ದು ಈಗ ಕೈಯಲ್ಲಿತ್ತು. ಟೀಚರ್ ಆ ಹಾಳೆಯನ್ನು ಮಡಿಸಿ ಮಡಿಸಿ ಅಂಗೈಯಷ್ಟು ಮಾಡಿದಳು.

ಆಗ ತಂಗಿಗೆ ಎಲ್ಲ ಹೇಳಿದಳು. ತಂಗಿಯದು ಕನ್ನಡಕದ ಅಂಗಡಿ. ಬಂದವರನ್ನು ಕೂರಿಸಿ ಗೋಡೆಯ ಮೇಲಿನ ಅಕ್ಷರ ಓದಿಸುವುದು ದಿನದ ಕೆಲಸ. ಅವಳು ಮಂಚದ ಮೇಲೆ ಮಗ್ಗುಲಾಗಿ, "ಅಯ್ಯೋ, ಇಷ್ಟೇನಾ? ನಮ್ಮ ಅಂಗಡಿಗೆ ಬಾ. ಅಕ್ಷರ ಮಂಜುಮಂಜು ಅಂತಾರೆ, ಎಷ್ಟು ಗಾಜು ಬದಲಾಯಿಸಿದ್ರೂ ಮಂಜೇ. ಕಣ್ಣು ಸರಿಯಾಗೇ ಇರುತ್ತೆ. ಓದಕ್ಕೆ ಬರಲ್ಲ ಅಂತ ಹೇಳೋಕೆ ನಾಚಿಕೆ. ಶಾಲೆಗೆ ಹೋದವರೇ ಎಲ್ಲ. ಹೆಂಗೋ ಬದುಕ್ತಿದಾರೆ ಬಿಡು," ಎಂದಳು.

ಸಮಾಧಾನಕ್ಕೆಂದು ಹೇಳಿದ ಮಾತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಟೀಚರಿಗೆ ತನ್ನ ಎಷ್ಟು ವರ್ಷಗಳ ಕೊನೆಯ ಬೆಂಚುಗಳು ಒಂದರ ಹಿಂದೊಂದು ಕಣ್ಣ ಮುಂದೆ ಬಂದವು. ತರಕಾರಿ ಗಾಡಿಯ ಒಬ್ಬ ಹಳೆಯ ವಿದ್ಯಾರ್ಥಿ ಪ್ರತಿ ಸಲ, "ಮಿಸ್, ಕನ್ನಡಕ ಬಿಟ್ಟು ಬಂದೆ, ಆ ಬಸ್ಸಿನ ಬೋರ್ಡು ಏನು ನೋಡಿ ಹೇಳಿ," ಎನ್ನುತ್ತಿದ್ದ. ಅವನ ಮುಖದ ಮೇಲೆ ಕನ್ನಡಕವನ್ನು ಎಂದೂ ಕಂಡಿರಲಿಲ್ಲ.

"ನೀನೊಬ್ಬಳೇ ಏನು? ಎಲ್ಲ ಟೀಚರ್‌ಗಳೂ ಹೀಗೇ ಮಾಡಿರ್ತಾರೆ," ಎಂದಳು ತಂಗಿ.

"ಎಲ್ಲರೂ ಆ ಹುಡುಗೀನ ದೊಡ್ಡ ಶಾಲೆಗೆ ಕಳಿಸಿಲ್ಲ. ನಾನು ಕಳಿಸಿದೀನಿ."

ಫೋನು ಮಾಡಿದಳು. ಲಾಂಡ್ರಿಯವಳು ಇಸ್ತ್ರಿಯ ಸದ್ದಿನ ನಡುವೆಯೇ ಕೂಗಿ ಹೇಳಿದಳು: "ಮಿಸ್! ಹೆಡ್‌ಮಿಸ್ ಕರೆ ಕಳಿಸಿದಾರೆ, ಬರೋ ವಾರ ಬಂದು ಓದಿ ತೋರಿಸ್ಬೇಕಂತೆ. ಯೂನಿಫಾರಂ ಬಟ್ಟೆ ತಂದಾಯ್ತು. ನಮ್ಮ ವಂಶದಲ್ಲೇ ಆ ಗೇಟಿನೊಳಗೆ ಹೋಗೋಳು ಇವಳೇ ಮೊದಲು. ನೀವು ಇಲ್ದಿದ್ರೆ ಎಲ್ಲಿ ಸಾಧ್ಯ ಇತ್ತು ಹೇಳಿ?"

ಟೀಚರ್ ಹೇಳಬೇಕೆಂದುಕೊಂಡದ್ದನ್ನು ಹೇಳಲಿಲ್ಲ. "ಸರಿ ಕಣಮ್ಮ, ಬರ್ತೀನಿ," ಎಂದಷ್ಟೇ ಹೇಳಿ ಇಟ್ಟಳು. ಆಮೇಲೂ ಸಮುದ್ರದ ದಿನಗಳನ್ನು ಪೂರ್ತಿಯಾಗಿಯೇ ಮುಗಿಸಿದಳು. ಮುಂದೆಂದೋ ನೆನೆದಾಗ ಆಕೆಯನ್ನು ಹೆಚ್ಚು ಚುಚ್ಚುವುದು ಇದೇ.

ಊರಿಗೆ ಬಂದ ದಿನವೇ ಹುಡುಗಿಯನ್ನು ಮಹಡಿಗೆ ಕರೆದಳು. ಚೀಲ ಇನ್ನೂ ಬಿಚ್ಚಿರಲಿಲ್ಲ. ಮೇಜಿನ ಮೇಲೆ ಅವಳು ಕಂಡಿರದ ಒಂದು ಮಕ್ಕಳ ಪುಸ್ತಕ ತೆರೆದು, ಚಿತ್ರವಿಲ್ಲದ ಪುಟ ಹುಡುಕಿ, "ಇದನ್ನ ಓದು ಪುಟ್ಟಿ," ಎಂದಳು.

ಹುಡುಗಿ ಪುಟ ನೋಡಿದಳು. ಆಮೇಲೆ ತಲೆಯೆತ್ತಿ ಮುದ್ದಾಗಿ ನಕ್ಕಳು.

"ಮಿಸ್, ನೀವು ಮೊದಲು ಓದಿ. ನೀವು ಓದಿದ್ರೆ ತುಂಬಾ ಚೆನ್ನಾಗಿರುತ್ತೆ."

ವರ್ಷವಿಡೀ ಕೇಳಿದ ಮಾತು. ಪ್ರತಿ ಹೊಸ ಪಾಠದ ದಿನ ಹಿಂದಿನ ಬೆಂಚಿನಿಂದ ಈ ಮಾತು ಬರುತ್ತಿತ್ತು. ಪ್ರತಿ ಸಲವೂ ಟೀಚರ್ ಒಳಗೊಳಗೇ ಹಿಗ್ಗಿ, ಗಂಟಲು ಸರಿಮಾಡಿಕೊಂಡು, ಮೊದಲು ತಾನೇ ಓದುತ್ತಿದ್ದಳು. ಈ ಸಲ ಓದಲಿಲ್ಲ.

"ನೀನೇ ಓದು."

ಬೀದಿಯಲ್ಲಿ ಯಾರೋ ಶಟರ್ ಎಳೆದ ಸದ್ದು. ಹುಡುಗಿಯ ನಗು ಸ್ವಲ್ಪ ಸ್ವಲ್ಪವಾಗಿ ಇಳಿಯಿತು. ಬೆರಳು ಮೊದಲ ಅಕ್ಷರದ ಮೇಲೆ ಬಂತು. ಬರಿ ಅಕ್ಷರಗಳನ್ನು ಗುರುತಿಸಿದಳು. ಕೊಂಬು, ದೀರ್ಘ ಬಂದಲ್ಲಿ ತಡವರಿಸಿದಳು. ಒತ್ತಕ್ಷರ ಬಂದಾಗ ನಿಂತೇಬಿಟ್ಟಳು.

"ಕೆಳಗೆ ಇನ್ನೊಂದು ಅಕ್ಷರ ನೇತಾಡ್ತಿದ್ರೆ ನಂಗೆ ಹೆದರಿಕೆ ಮಿಸ್," ಎಂದಳು, ಬಹಳ ಸಣ್ಣ ದನಿಯಲ್ಲಿ. ಗಂಟೆಯಂಥ ಆ ದನಿಯ ಪತ್ತೆಯೇ ಇರಲಿಲ್ಲ. "ಅಮ್ಮಂಗೆ ಹೇಳ್ತೀರಾ?"

ಟೀಚರ್ ಪುಸ್ತಕ ಮುಚ್ಚಿದಳು. ಹುಡುಗಿ ಮೂಗು ಒರೆಸಿಕೊಂಡು ಹತ್ತಿರ ಸರಿದಳು. ಅವಳ ಹತ್ತಿರ ಒಂದು ಉಪಾಯವಿತ್ತು. ಬಹುಶಃ ಮೊದಲಿಂದಲೂ ಇಂಥ ಉಪಾಯಗಳಿಂದಲೇ ಅವಳು ನಡೆದು ಬಂದಿದ್ದಳು.

"ಹೆಡ್‌ಮಿಸ್ ಯಾವ ಪಾಠ ಓದಿಸ್ತಾರೆ ಅಂತ ಕೇಳಿ ಮಿಸ್. ನೀವು ಎರಡು ಸಲ ಓದಿಬಿಟ್ರೆ ಸಾಕು, ನಂಗೆ ಬಂದುಬಿಡುತ್ತೆ. ಆಮೇಲೆ ನಿಧಾನಕ್ಕೆ ಕಲ್ತುಕೊಳ್ತೀನಿ. ಆಣೆಗೂ."

ಟೀಚರ್ ಫೋನು ತೆಗೆದುಕೊಂಡಳು. ಬೇಡವೆಂದು ಒಳಮನಸ್ಸು ಹೇಳಿದ್ದು ಕೇಳಿಸಲಿಲ್ಲವೋ, ಕೇಳಿಸಿದರೂ ತೆಗೆದುಕೊಂಡಳೋ, ಅಂತೂ ಗೆಳತಿಯ ನಂಬರು ಒತ್ತಿದಳು. "ಓದಿಸೋದು ಯಾವ ಪಾಠನೇ ಈ ಸಲ?"

"ಅದೇ, ಹಡಗಿನ ಪಾಠ. ಪ್ರತಿ ವರ್ಷ ಅದೇ ಅಲ್ವಾ?" ಹೆಡ್‌ಮಿಸ್ ನಕ್ಕಳು. "ನಿನ್ನ ಗಿಳಿಗೆ ಯಾಕೆ ಚಿಂತೆ? ಅವಳು ಬಂದು ಎರಡು ಸಾಲು ಓದಿದ್ರೆ ಮುಗೀತು. ಸಮುದ್ರ ಹೇಗಿತ್ತು?"

"ಚೆನ್ನಾಗಿತ್ತು," ಎಂದಳು ಟೀಚರ್.

ಹಡಗಿನ ಪಾಠವಿದ್ದ ಪುಸ್ತಕ ಕಪಾಟಿನಲ್ಲೇ ಇತ್ತು. ಮೊದಲ ಪ್ಯಾರಾ ಓದಿದಳು. ಬಂದರಿನಲ್ಲಿ ಬೆಳಗಾಯಿತು. ದೊಡ್ಡ ಹಡಗು ನಿಧಾನವಾಗಿ ದಡ ಬಿಟ್ಟಿತು. ಹುಡುಗಿ ಜೊತೆಜೊತೆಗೇ ಗುನುಗಿದಳು. ಎರಡನೆಯ ಸಲಕ್ಕೆ ದನಿ ಮರಳಿ ಬಂತು. ಏರಿಳಿತ ಬಂತು. ಕೇಳಿದರೆ ಯಾರಾದರೂ ತಲೆದೂಗಬೇಕು. ಟೀಚರ್ ಓದುತ್ತ ಓದುತ್ತ ಪಕ್ಕಕ್ಕೆ ಕಣ್ಣು ಹಾಯಿಸಿದಳು. ಹುಡುಗಿಯ ಕಣ್ಣು ಪುಟದ ಮೇಲಿರಲಿಲ್ಲ. ಅವಳು ಟೀಚರ ತುಟಿ ನೋಡುತ್ತಿದ್ದಳು.

ಟೀಚರ್ ಅರ್ಧ ವಾಕ್ಯದಲ್ಲಿ ನಿಲ್ಲಿಸಿದಳು.

"ಇನ್ನೊಂದೇ ಒಂದು ಸಲ ಮಿಸ್. ಆಗೋಯ್ತು."

"ಸಾಕು ಪುಟ್ಟಿ. ನಡಿ, ಕೆಳಗೆ ಹೋಗೋಣ."

ಹುಡುಗಿ ಮೇಜಿನ ಕಾಲು ಹಿಡಿದುಕೊಂಡಳು. ಅವಳ ಬೆರಳು ಬಿಡಿಸಲು ಟೀಚರಿಗೆ ಮನಸ್ಸು ಬರಲಿಲ್ಲ. ಪಕ್ಕದಲ್ಲಿ ನೆಲಕ್ಕೆ ಕೂತಳು. "ಬಯ್ಯೋದು ನಿನ್ನನ್ನಲ್ಲ, ನನ್ನನ್ನ. ನಾನೇ ಹೇಳ್ತೀನಿ," ಎಂದಳು. ಬಹಳ ಹೊತ್ತಿನ ಮೇಲೆ ಹುಡುಗಿ ತಾನಾಗಿ ಕೈಬಿಟ್ಟಳು.

ಲಾಂಡ್ರಿಯವಳು ಕೇಳಿಸಿಕೊಂಡಳು. ಇಸ್ತ್ರಿಯನ್ನು ಎತ್ತಿ ನಿಲ್ಲಿಸಿ, ಸ್ವಿಚ್ ಆರಿಸಿ, ಪೂರ್ತಿ ಕೇಳಿಸಿಕೊಂಡಳು. ಆಮೇಲೆ ನಕ್ಕಳು. ಒಳ್ಳೆಯ ನಗುವಾಗಿರಲಿಲ್ಲ.

"ಟ್ರೈನಿಂಗ್‌ಗೆ ಹೋಗಿ ಏನೋ ಹೊಸ ಔಷಧಿ ತಂದಿದೀರಾ ಮಿಸ್? ಪರೀಕ್ಷೆ ಮಾಡೋಕೆ ನನ್ನ ಮಗಳೇ ಬೇಕಿತ್ತಾ? ಯಾರಾದ್ರೂ ಶ್ರೀಮಂತರ ಮನೆಯೋರು ಆ ಸೀಟು ಕೇಳಿದ್ರಾ?"

"ಇಲ್ಲಮ್ಮ. ಅವಳಿಗೆ ಓದಕ್ಕೆ ಬರಲ್ಲ. ನಾನು ಕಲಿಸಿಲ್ಲ."

"ಬರಲ್ವಾ? ದಿನಾ ಬೆಳಿಗ್ಗೆ ನನ್ನ ಕಣ್ಣ ಮುಂದೆ ಓದೋದು ಯಾರು ಹಾಗಾದ್ರೆ?" ಎಂದು ಅವಳು ಬಟ್ಟೆ ಸುತ್ತುವ ಪೇಪರುಗಳಿಂದ ಒಂದನ್ನೆಳೆದು ಮಗಳ ಕೈಗೆ ತುರುಕಿದಳು. "ಓದೇ. ಮಿಸ್‌ಗೆ ಓದಿ ತೋರಿಸು."

ಹಾಳೆಯಲ್ಲಿ ನಲ್ಲಿಯೊಂದರ ಫೋಟೋ ಇತ್ತು. ಹುಡುಗಿ ಅಮ್ಮನನ್ನು ನೋಡಿದಳು, ಟೀಚರನ್ನು ನೋಡಿದಳು. ಅಭ್ಯಾಸಬಲ ದೊಡ್ಡದು. ಉಸಿರೆಳೆದುಕೊಂಡು ಶುರುಮಾಡಿಯೇಬಿಟ್ಟಳು. "ಈ ವರ್ಷ ಎಲ್ಲರ ಮನೆಯ ನಲ್ಲಿಯಲ್ಲಿಯೂ ದಿನವೂ ನೀರು ಬರುತ್ತದೆ. ಜನರು ಸಂತೋಷಪಟ್ಟರು."

ಲಾಂಡ್ರಿಯವಳು ಗೆದ್ದವಳಂತೆ ಟೀಚರ ಕಡೆ ತಿರುಗಿದಳು. ಟೀಚರ ಮುಖ ಬದಲಾಗಲಿಲ್ಲ. ಲಾಂಡ್ರಿಯವಳು ಮತ್ತೆ ಹಾಳೆಯ ಕಡೆ ತಿರುಗಿ, ಮಗಳ ಭುಜದ ಮೇಲಿಂದ ಬಾಗಿ, ದಪ್ಪ ಅಕ್ಷರದ ಮೇಲೆ ತನ್ನ ಒರಟು ಬೆರಳಿಟ್ಟಳು. ತುಟಿಗಳು ಅಲುಗಿದವು.

"ನೀ... ರಿ... ನ. ನೀರಿನ. ದ... ರ. ದರ. ಏ... ರಿ... ಕೆ." ನಿಂತಳು. ಮತ್ತೆ ಮೊದಲಿನಿಂದ ಕೂಡಿಸಿದಳು. "ನೀರಿನ ದರ ಏರಿಕೆ."

ಕುರ್ಚಿಯಿಂದ ತಾತ ಕೆಮ್ಮಿದ.

"ಲಾರಿಯವನು ಹಣ್ಣು ಹಂಚಿದ ಅಂದಾಗ್ಲೇ ನಂಗೆ ಅನುಮಾನ," ಎಂದ. "ಯಾವ ಲಾರಿಯವನು ಹಂಚ್ತಾನೆ?"

"ಗೊತ್ತಿದ್ದೂ ಸುಮ್ನಿದ್ಯಾ ಅಪ್ಪಾ?"

"ಕತೆ ಕಟ್ತಾಳೆ ಅಂತ ಗೊತ್ತಿತ್ತು ಕಣಮ್ಮ. ಹಿತವಾಗಿತ್ತು, ಕೇಳ್ತಿದ್ದೆ. ಓದಕ್ಕೇ ಬರಲ್ಲ ಅಂತ ಯಾಕೆ ಅಂದ್ಕೊಳ್ಲಿ? ಶಾಲೆಗೇ ಮೊದಲನೆಯವಳು ಅಂತ ಟೀಚರಮ್ಮನೇ ಹೇಳಿದ್ರಲ್ಲ."

ತಾತ ಅದನ್ನು ದೂರಾಗಿ ಹೇಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಟೀಚರ್ ಕೌಂಟರಿನ ಅಂಚು ಹಿಡಿದು ನಿಂತಳು. ಲಾಂಡ್ರಿಯವಳು ಮಗಳಿಗೆ ಹೊಡೆಯಲಿಲ್ಲ. ಅವಳನ್ನು ಎಳೆದು ಹೊಟ್ಟೆಗೆ ಒತ್ತಿಕೊಂಡು, ಅವಳ ತಲೆಯ ಮೇಲಿನಿಂದ, "ಆ ಗೇಟಿನೊಳಗೆ ಹೋಗಿ, ಹೊಸ ಮಕ್ಕಳ ಮುಂದೆ ನಿಂತ್ಕೊಂಡು ಗೊತ್ತಾಗಿದ್ರೆ ಏನಾಗ್ತಿತ್ತು ಮಿಸ್?" ಎಂದು ಕೇಳಿದಳು. ಸ್ವಲ್ಪ ತಡೆದು, "ಈಗಲೂ ಏನಾಯ್ತು? ಅವಳದೊಂದು ವರ್ಷ ಹೋಯ್ತು," ಎಂದಳು.

"ಹೋಯ್ತು. ನನ್ನಿಂದ."

"ಅದೊಂದು ಗೊತ್ತಿದೆಯಲ್ಲ ನಿಮಗೆ," ಎಂದು ಲಾಂಡ್ರಿಯವಳು ಸ್ವಿಚ್ ಹಾಕಿ ಇಸ್ತ್ರಿ ಕೈಗೆ ತೆಗೆದುಕೊಂಡಳು.

ಮಾರನೆಯ ದಿನ ಟೀಚರ್ ದೊಡ್ಡ ಶಾಲೆಗೆ ಹೋದಳು. ಹೆಡ್‌ಮಿಸ್ ಕೋಣೆಯಲ್ಲಿ ಹೊಸ ಬಣ್ಣದ ವಾಸನೆ. ಹೇಳಿದ್ದೆಲ್ಲ ಕೇಳಿ ಗೆಳತಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

"ನೀನು ಆ ಟ್ರೈನಿಂಗ್‌ಗೆ ಹೋಗಲೇಬಾರದಿತ್ತು ಕಣೇ," ಎಂದಳು. ತಮಾಷೆಗೆಂದು ಶುರುಮಾಡಿದ ಮಾತು ತಮಾಷೆಯಾಗಿ ಮುಗಿಯಲಿಲ್ಲ. "ನೆನ್ನೆ ಪಾಠ ಯಾವುದು ಅಂತ ಕೇಳಿದ್ದು ಇದಕ್ಕೇನಾ?"

"ಇದಕ್ಕೇ."

"ಅವಳಿಗೆ ಉರು ಹೊಡೆಸೋಕಾ?"

"ಅರ್ಧ ಹೊಡೆಸಿಯೂ ಇದ್ದೆ."

ಹೆಡ್‌ಮಿಸ್ ಕಿಟಕಿಯ ಆಚೆ ಮೈದಾನದ ಕಡೆ ನೋಡುತ್ತ ಕೂತಳು. "ಮುಂದಿನ ವರ್ಷ ಕರ್ಕೊಂಡು ಬಾ, ನೋಡೋಣ. ಈಗಲೇ ಮಾತು ಕೊಡಲ್ಲ. ಮತ್ತೆ ಅವತ್ತು ಓದಿಸೋದು ನಾನು, ಪುಸ್ತಕ ನಂದು, ಪುಟ ನಂದು. ನೀನು ಹೊರಗಡೆ ಕೂತಿರು," ಎಂದಳು. ಗೇಟಿನವರೆಗೆ ಬಂದು ಬೀಳ್ಕೊಡುವುದು ಅವಳ ವಾಡಿಕೆ. ಅಂದು ಕೋಣೆಯಿಂದ ಏಳಲಿಲ್ಲ.

ಸೀಟು ಬೇರೊಂದು ಶಾಲೆಯ ಹುಡುಗನಿಗೆ ಹೋಯಿತು. ಹುಡುಗಿ ನಾಲ್ಕನೆಯ ತರಗತಿಯಲ್ಲಿ ಇನ್ನೊಂದು ವರ್ಷ ಕೂರಬೇಕೆಂದಾಯಿತು. ಆ ತರಗತಿಗೆ ಇರುವುದು ಒಬ್ಬಳೇ ಟೀಚರ್. "ಮತ್ತೆ ನಿಮ್ಮ ಹತ್ರಾನೇ ಬಿಡ್ಬೇಕಲ್ಲ ಮಿಸ್, ಅದೇ ನಂಗೆ ಉರಿ," ಎಂದು ಲಾಂಡ್ರಿಯವಳು ನೇರವಾಗಿಯೇ ಹೇಳಿದಳು. ಟೀಚರ್ ಒಪ್ಪಿಕೊಂಡಳು. ಕಾದಂಬರಿಗಳ ಚೀಲ ಬಾಗಿಲ ಹಿಂದೆ ಕಟ್ಟಿದ ಹಾಗೇ ಇತ್ತು.

ರಜೆ ಇನ್ನೂ ಒಂದಷ್ಟು ದಿನ ಉಳಿದಿತ್ತು. ಬೆಳಿಗ್ಗೆ ಹೊತ್ತು ಹುಡುಗಿ ಮಹಡಿಗೆ ಬರತೊಡಗಿದಳು. ಮೊದಲ ವಾರ ಅವಳು ಟೀಚರ ಜೊತೆ ಒಂದು ಮಾತೂ ಆಡಲಿಲ್ಲ, ಕೂತು ಅಕ್ಷರ ಕೂಡಿಸಿ ಎದ್ದು ಹೋದಳು. ಎರಡನೆಯ ವಾರ ಅವಳಮ್ಮನೂ ಜೊತೆಗೆ ಬಂದು ಬಾಗಿಲ ಬಳಿ ಕೂತಳು. ಈ ಸಲ ಮಗಳು ತಾನಾಗಿಯೇ ಓದುತ್ತಾಳೋ ಎಂದು ನೋಡಲು ಅಮ್ಮ ಶಾಲೆ ತೆರೆಯುವವರೆಗೂ ದಿನಾ ಬಂದಳು.